ಕೂಗಾಟ ಜಾಸ್ತಿ, ಓಟ ಕಮ್ಮಿ: ನನ್ನ ಸೂಪರ್‌ಜೆಟ್‌ಗೆ ಹಾಕಿದ ಪಾರ್ಟುಗಳ ಕಥೆ

"ಲೋ, ಅದು ಕೂಗ್ತಾ ಇದೆ ಅಷ್ಟೇ. ಓಡ್ತಾ ಇಲ್ಲ ಕಣೋ."

ದಡದ ಮೇಲೆ ನಿಂತಿದ್ದ ನಮ್ಮಣ್ಣನ ಮಾತಿದು. ನಾನು ಆಗಷ್ಟೇ ಜೆಟ್ ಸ್ಕೀಗೆ ಹೊಸ ಎಕ್ಸಾಸ್ಟ್ ಪೈಪ್ ಹಾಕಿ, ಎರಡು ಸುತ್ತು ಹೊಡೆದು, ಬೀಗುತ್ತಾ ಬಂದಿದ್ದೆ. ಸಿಟ್ಟು ಬಂತು. ಇವನಿಗೇನು ಗೊತ್ತು, ಇದರ ಮೇಲೆ ನೆಟ್ಟಗೆ ನಿಲ್ಲೋಕೂ ಬರೋಲ್ಲ ಅಂದುಕೊಂಡೆ. ಆಮೇಲೆ ಜಿಪಿಎಸ್ ನೋಡಿದೆ. ಹಳೇ ಪೈಪಿನಲ್ಲಿ ಗಂಟೆಗೆ 64 ಕಿಲೋಮೀಟರ್ ಇತ್ತು, ಹೊಸದರಲ್ಲಿ 65. ಒಂದೇ ಒಂದು ಕಿಲೋಮೀಟರ್‌ಗೆ ಅಷ್ಟು ದುಡ್ಡು!

ನನ್ನದು 2004ರ ಯಮಹಾ ಸೂಪರ್‌ಜೆಟ್. ನಿಂತುಕೊಂಡು ಓಡಿಸುವ ಗಾಡಿ. 701 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಎರಡು 38 ಎಂಎಂ ಮಿಕುನಿ ಕಾರ್ಬುರೇಟರ್. ಪೆಟ್ರೋಲ್‌ಗೆ ಆಯಿಲ್ ನಾವೇ ಬೆರೆಸಿ ಹಾಕಬೇಕು. ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂದದ್ದು. ನನ್ನ ತೂಕ 86 ಕಿಲೋ. ರೇಸಿಗೆ ಹೋಗುವವನಲ್ಲ, ಗಾಡಿ ಸಮೇತ ಪಲ್ಟಿ ಹೊಡೆಯುವವನೂ ಅಲ್ಲ. ನೀರಿನ ಮೇಲೆ ಜೋರಾಗಿ ತಿರುವು ತೆಗೆಯೋದು, ಸಣ್ಣ ಅಲೆ ಬಂದರೆ ಹಾರಿಸೋದು, ಅಷ್ಟೇ. ಮೂರು ಸೀಸನ್‌ನಲ್ಲಿ ಇದಕ್ಕೆ ಏನೇನೋ ಹಾಕಿದೆ. ಯಾವುದು ದುಡ್ಡಿಗೆ ಮೋಸವಿಲ್ಲ, ಯಾವುದು ಶೆಡ್ಡಿನಲ್ಲಿ ಧೂಳು ತಿನ್ನುತ್ತಿದೆ ಅನ್ನೋದನ್ನು ಬರೆಯುತ್ತೇನೆ. ಮೊದಲೇ ಒಪ್ಪಿಕೊಳ್ಳುತ್ತೇನೆ, ನಾನು ಕೊಂಡ ಕ್ರಮ ಪೂರ್ತಿ ತಲೆಕೆಳಗು.

ಇಲ್ಲಿ ಬರೆಯುವುದೆಲ್ಲ ಹಳೇ ಟೂ ಸ್ಟ್ರೋಕ್ ಗಾಡಿಗಳ ಮಾತು. 2021ರಿಂದ ಬಂದ ಸೂಪರ್‌ಜೆಟ್ ಫೋರ್ ಸ್ಟ್ರೋಕ್, 1049 ಸಿಸಿ, ಮೂರು ಸಿಲಿಂಡರ್. ಕವಾಸಾಕಿಯ ಎಸ್‌ಎಕ್ಸ್-ಆರ್ ಕೂಡ 2017ರಿಂದ 1498 ಸಿಸಿ ಫೋರ್ ಸ್ಟ್ರೋಕ್. ಅವುಗಳ ಇಂಜಿನ್ ಭಾಗಕ್ಕೆ ನನ್ನ ಪಟ್ಟಿ ಹೊಂದುವುದಿಲ್ಲ. ತಳದಿಂದ ನೀರು ಹೀರಿ ಹಿಂದಕ್ಕೆ ಎಸೆದು ಗಾಡಿಯನ್ನು ಮುಂದೆ ತಳ್ಳುವುದು ಪಂಪ್; ಆ ಪಂಪಿನ ಭಾಗ ಮಾತ್ರ ಅವಕ್ಕೂ ಹೊಂದುತ್ತದೆ.

ಪೈಪಿನಿಂದ ಶುರು ಮಾಡಿದ್ದು ಯಾಕೆ ಅಂತ ಕೇಳಿದರೆ ಉತ್ತರ ಸುಲಭ. ಪೈಪ್ ನೋಡೋಕೆ ಚೆನ್ನಾಗಿರುತ್ತದೆ. ಹುಡ್ ಎತ್ತಿದ ತಕ್ಷಣ ಕಣ್ಣಿಗೆ ಬೀಳುತ್ತದೆ. ಪಂಪು ತಳದಲ್ಲಿ ಕೂತಿರುತ್ತದೆ, ಅದನ್ನು ಯಾರು ನೋಡುತ್ತಾರೆ?

ಟೂ ಸ್ಟ್ರೋಕ್‌ನಲ್ಲಿ ಪೈಪ್ ಬರೀ ಹೊಗೆ ಹೊರಗೆ ಹಾಕುವ ಕೊಳವೆ ಅಲ್ಲ. ಹೊರಗೆ ಹೋದ ಒತ್ತಡದ ಅಲೆ ಪೈಪಿನ ಕಿರಿದಾಗುವ ಕೊನೆಗೆ ಬಡಿದು ವಾಪಸ್ ಬರುತ್ತದೆ. ಸಿಲಿಂಡರಿನಿಂದ ತಪ್ಪಿಸಿಕೊಳ್ಳುತ್ತಿರುವ ಹೊಸ ಪೆಟ್ರೋಲ್-ಗಾಳಿಯನ್ನು ಮತ್ತೆ ಒಳಗೆ ತಳ್ಳುತ್ತದೆ. ಆ ಅಲೆ ಸರಿಯಾದ ಹೊತ್ತಿಗೆ ಬಂದರೆ ಇಂಜಿನ್‌ಗೆ ಹಬ್ಬ. ನಾನು ಕೊಂಡ ಪೈಪಿನಲ್ಲಿ ತಂಪು ಮಾಡುವ ನೀರು ಸ್ವಲ್ಪ ಪೈಪಿನ ಒಳಗೇ ಚಿಮ್ಮುತ್ತದೆ. ಎಷ್ಟು ನೀರು ಅನ್ನೋದಕ್ಕೆ ಸಣ್ಣ ಸಣ್ಣ ಸ್ಕ್ರೂಗಳಿವೆ. ನೀರು ಜಾಸ್ತಿ ಬಿಟ್ಟರೆ ಒಳಗಿನ ಗಾಳಿ ತಣ್ಣಗಾಗಿ ಅಲೆ ನಿಧಾನವಾಗುತ್ತದೆ, ಎಳೆತ ಕೆಳಗಿನ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಿಗುತ್ತದೆ. ನೀರು ಕಮ್ಮಿ ಮಾಡಿದರೆ ಪೈಪ್ ಕಾದು ಅಲೆ ಚುರುಕಾಗುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಬಲ ಬರುತ್ತದೆ. ಕಾಲು ಸುತ್ತು ತಿರುಗಿಸಿದರೂ ಗಾಡಿಯ ಸ್ವಭಾವ ಬದಲಾಗುತ್ತದೆ. ಒಂದು ಸ್ಕ್ರೂಡ್ರೈವರ್ ಹಿಡಿದುಕೊಂಡು ಇಡೀ ಮಧ್ಯಾಹ್ನ ಕಳೆದಿದ್ದೇನೆ. ಬಹಳ ಮಜಾ ಇರುವ ಕೆಲಸ.

ಮಜಾ ಇಲ್ಲದ ಭಾಗ ಈಗ. ಪೈಪ್ ಮಾರಿದವರು "ಜೆಟ್ ಏನೂ ಮುಟ್ಟಬೇಡಿ, ಹಾಗೇ ಹಾಕಿ ಓಡಿಸಿ" ಅಂದಿದ್ದರು. ಜೆಟ್ ಅಂದರೆ ಇಲ್ಲಿ ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಣುಕು. ಅವರ ಹೆಸರು ಬೇಡ. ನಾನೂ ನಂಬಿದೆ, ಯಾಕಂದರೆ ನನಗೂ ಕಾರ್ಬುರೇಟರ್ ಬಿಚ್ಚೋಕೆ ಸೋಮಾರಿತನ. ಮೂರನೇ ದಿನ ಅಲೆ ಇಲ್ಲದ ನೀರು ಸಿಕ್ಕಿತು. ಥ್ರಾಟಲ್ ಪೂರ್ತಿ ಒತ್ತಿ ಬಿಡದೆ ಓಡಿಸಿದೆ. ಇಂಜಿನ್ ದನಿ ಒಂದು ಕ್ಷಣ ತೆಳ್ಳಗಾಯಿತು. ಕೀಚಲು ಅಂತಾರಲ್ಲ, ಹಾಗೆ. ಮರುಕ್ಷಣ ಯಾರೋ ಹಿಂದಿನಿಂದ ಹಗ್ಗ ಜಗ್ಗಿದಂತೆ ಗಾಡಿ ನಿಂತಿತು. ನಾನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿದೆ.

ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಬಿಚ್ಚಿ ನೋಡಿದರೆ ಒಂದು ಪಿಸ್ಟನ್‌ನ ಎಕ್ಸಾಸ್ಟ್ ಬದಿ ಪೂರ್ತಿ ಕೆರೆದುಹೋಗಿತ್ತು. ಅಲ್ಯೂಮಿನಿಯಂ ಕರಗಿ ಸಿಲಿಂಡರ್ ಗೋಡೆಗೆ ಬಳಿದುಕೊಂಡಿತ್ತು. ಬೆರಳಲ್ಲಿ ಸವರಿದರೆ ಗರಗಸದ ಹಾಗೆ. ಸ್ಪಾರ್ಕ್ ಪ್ಲಗ್ಗಿನ ತುದಿ ಸುಣ್ಣ ಬಳಿದಷ್ಟು ಬೆಳ್ಳಗೆ. ಪೈಪ್ ಬದಲಾದರೆ ಇಂಜಿನ್ ಉಸಿರಾಡುವ ರೀತಿಯೇ ಬದಲಾಗುತ್ತದೆ. ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಹೆಚ್ಚಿಸದಿದ್ದರೆ ಮಿಶ್ರಣ ತೆಳುವಾಗಿ, ಬಿಸಿ ಏರಿ ಹೀಗಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ ಅಲ್ವಾ, ಹಾಗಾಗಿ ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ.

ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಹಾಕಿಸಿ, ಈ ಸಲ ದೊಡ್ಡ ಜೆಟ್ ಹಾಕಿದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್‌ನಿಂದಲೇ ಶುರು. ಹೊಸ ಬಿಆರ್8ಎಚ್‌ಎಸ್ ಪ್ಲಗ್ ಹಾಕಿ, ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಥ್ರಾಟಲ್ ಬಿಡದೆ ಹಾಗೇ ಇಂಜಿನ್ ಆಫ್ ಮಾಡಬೇಕು. ಅಲ್ಲೇ ನೀರಿನ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ, ಮಾಸಲು ಕಂದು ಬಂದರೆ ಸರಿ. ಅಲ್ಲಾಡುವ ಗಾಡಿ ಮೇಲೆ ಒದ್ದೆ ಕೈಯಲ್ಲಿ ಪ್ಲಗ್ ಬಿಚ್ಚುವಾಗ ಸ್ಪ್ಯಾನರ್‌ಗೆ ಒಂದು ದಾರ ಕಟ್ಟಿಕೊಳ್ಳಿ. ನನ್ನ ಒಂದು ಸ್ಪ್ಯಾನರ್ ಈಗಲೂ ನೀರಿನ ತಳದಲ್ಲೇ ಇದೆ.

ಇಷ್ಟೆಲ್ಲ ಆದ ಮೇಲೂ ಜಿಪಿಎಸ್ 66 ತೋರಿಸಿತು. ಮೀಟರ್ ಮಾತ್ರ 6,900 ಆರ್‌ಪಿಎಂ.

ನಮ್ಮಣ್ಣನ ಕಸುಬು ನೀರಿನ ಪಂಪ್ ರಿಪೇರಿ. ಒಂದು ಸಂಜೆ ಗಾಡಿಯನ್ನು ಪಕ್ಕಕ್ಕೆ ಮಲಗಿಸಿಟ್ಟಿದ್ದೆ. ಅವನು ಬಂದು ಟಾರ್ಚ್ ಹಿಡಿದು ಹಿಂದಿನಿಂದ ಒಳಗೆ ಇಣುಕಿದ. "ಇದು ಬೋಟಲ್ಲ ಕಣೋ, ಪಂಪು. ಸುಮ್ನೆ ಮೋಟಾರ್ ದೊಡ್ಡದು ಮಾಡ್ತಾ ಹೋದ್ರೆ ನೀರು ಜಾಸ್ತಿ ಬರುತ್ತಾ?" ಅಂದ. ಪಂಪ್ ಬಿಚ್ಚಿ ಮೇಜಿನ ಮೇಲೆ ಇಟ್ಟೆವು. ಅವನು ಜೇಬಿನಿಂದ ಫೀಲರ್ ಗೇಜ್ ತೆಗೆದ, ಸಂದಿ ಅಳೆಯುವ ತೆಳು ಪಟ್ಟಿಗಳ ಗೊಂಚಲು. ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್‌ನ ರೆಕ್ಕೆಯ ತುದಿಗೂ ಸುತ್ತಲಿನ ಗೋಡೆಗೂ ನಡುವೆ ಒಂದೊಂದೇ ಪಟ್ಟಿ ತೂರಿಸುತ್ತಾ ಹೋದ. 0.3 ಹೋಯಿತು. 0.5 ಹೋಯಿತು. 0.8 ಸಲೀಸಾಗಿ ಹೋಯಿತು. 1 ಮಿಲಿಮೀಟರ್ ಪಟ್ಟಿ ಎರಡು ರೆಕ್ಕೆಗಳ ಹತ್ತಿರ ಸ್ವಲ್ಪವೂ ತಡೆಯದೆ ಜಾರಿತು. ಅವನು ಏನೂ ಹೇಳಲಿಲ್ಲ. ಗೇಜನ್ನು ನನ್ನ ಕೈಗೆ ಕೊಟ್ಟು ಕೈ ತೊಳೆಯೋಕೆ ಹೋದ.

ಆ ಸಂದಿ ಅರ್ಧ ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ ಚೆನ್ನ. ಹಿಂದಿನ ಮಾಲೀಕರು ಮರಳು ದಡದಲ್ಲೇ ಗಾಡಿ ಸ್ಟಾರ್ಟ್ ಮಾಡಿರಬೇಕು. ಮರಳು ಒಳಗೆ ಹೋಗಿ ಗೋಡೆಯನ್ನು ಗೀರಿ ಗೀರಿ ಸವೆಸಿತ್ತು. ಇಂಪೆಲ್ಲರ್ ಹಿಂದಕ್ಕೆ ತಳ್ಳಬೇಕಾದ ನೀರು ಆ ಸಂದಿಯಿಂದ ವಾಪಸ್ ಮುಂದಕ್ಕೆ ನುಸುಳುತ್ತಿತ್ತು. ಈ ಗಾಡಿಗೆ ಗೇರಿಲ್ಲ, ಕ್ಲಚ್ಚಿಲ್ಲ. ಇಂಜಿನ್‌ಗೆ ಹೊರೆ ಅಂತ ಇರುವುದು ನೀರು ಒಂದೇ. ನೀರು ಜಾರಿದರೆ ಹೊರೆ ಇಲ್ಲ, ಹೊರೆ ಇಲ್ಲದಿದ್ದರೆ ಆರ್‌ಪಿಎಂ ಏರುತ್ತದೆ, ದನಿ ಜೋರಾಗುತ್ತದೆ. ನಾನು ಆ ದನಿಯನ್ನೇ ಬಲ ಅಂದುಕೊಂಡಿದ್ದೆ. ಅಂಥ ಪಂಪಿನ ಮುಂದೆ ಪೈಪ್ ಹಾಕಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಕೆಲವು ಗಾಡಿಗಳಲ್ಲಿ ಸವೆದ ರಿಂಗ್ ಮಾತ್ರ ಬದಲಾಯಿಸಬಹುದು, ಕೆಲವದರಲ್ಲಿ ಇಡೀ ಹೌಸಿಂಗ್, ಅಂದರೆ ಇಂಪೆಲ್ಲರ್ ಸುತ್ತಲಿನ ಕವಚ. ನನಗೆ ಗೀರಿಲ್ಲದ ಒಂದು ಹೌಸಿಂಗ್ ಸಿಕ್ಕಿತು. ಹಾಕುವಾಗ ಪಂಪಿಗೂ ಗಾಡಿಯ ತಳಕ್ಕೂ ಸೇರುವ ಜಾಗಕ್ಕೆ ಮರೈನ್ ಸಿಲಿಕೋನ್ ಬಳಿದು ಸಂದು ಮುಚ್ಚಿದೆವು. ಅಲ್ಲಿ ಕೂದಲೆಳೆ ಸಂದಿ ಇದ್ದರೂ ಪಂಪ್ ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಗಾಳಿ ಹೊಕ್ಕ ಪಂಪಿಗೆ ಹಿಡಿತ ಇರುವುದಿಲ್ಲ. ಸಿಲಿಕೋನ್ ಒಣಗೋಕೆ ಒಂದು ರಾತ್ರಿ ಬಿಟ್ಟು ಮಾರನೇ ದಿನ ನೀರಿಗಿಳಿಸಿದೆ.

ಆರ್‌ಪಿಎಂ 6,900ರಿಂದ 6,500ಕ್ಕೆ ಇಳಿಯಿತು. ವೇಗ 66ರಿಂದ 71ಕ್ಕೆ ಏರಿತು. ಇಂಜಿನ್‌ನ ಒಂದು ಸ್ಕ್ರೂವನ್ನೂ ಮುಟ್ಟಿರಲಿಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ ಜಿಪಿಎಸ್‌ನಲ್ಲಿ ಕಾಣೋದಿಲ್ಲ. ಮುಂಚೆ ಥ್ರಾಟಲ್ ಒತ್ತಿದರೆ ಒಂದು ಕ್ಷಣ ಗಾಡಿ ಯೋಚನೆ ಮಾಡುತ್ತಿತ್ತು. ಈಗ ಬೆರಳು ಮಡಚಿದ ತಕ್ಷಣ ತೋಳು ಎಳೆದುಕೊಂಡು ಹೋಗುತ್ತದೆ. ಮೂರು ಸೀಸನ್‌ನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಈ ಹಳೇ ಹೌಸಿಂಗ್ ಮತ್ತು ಒಂದು ಟ್ಯೂಬ್ ಸಿಲಿಕೋನ್. ಇದನ್ನು ಯಾರೂ ಪರ್ಫಾರ್ಮೆನ್ಸ್ ಪಾರ್ಟ್ ಅಂತ ಮಾರುವುದಿಲ್ಲ, ಅದೇ ತಮಾಷೆ.

ಅಲ್ಲಿಂದ ಇಂಪೆಲ್ಲರ್ ಕಡೆಗೆ ಹೊರಟೆ. ಸೋಲಾಸ್, ಸ್ಕ್ಯಾಟ್-ಟ್ರ್ಯಾಕ್ ಅಂತ ಹೆಸರಿರುವ ಕಂಪನಿಗಳಿವೆ. ಕಂಪನಿಗಿಂತ ಮುಖ್ಯ ಇಂಪೆಲ್ಲರ್ ಮೇಲೆ ಕೆತ್ತಿರುವ ಪಿಚ್ ಸಂಖ್ಯೆ, ಅಂದರೆ ರೆಕ್ಕೆ ಎಷ್ಟು ಓರೆ ಅನ್ನೋದು. 9/17 ಅಂತ ಇದ್ದರೆ ರೆಕ್ಕೆಯ ಮುಂದಿನ ಅಂಚು ಕಮ್ಮಿ ಓರೆ, ಹಿಂದಿನ ಅಂಚು ಜಾಸ್ತಿ ಓರೆ. ನೀರನ್ನು ಮೆಲ್ಲಗೆ ಹಿಡಿದು ಜೋರಾಗಿ ಎಸೆಯುತ್ತದೆ. ಪಿಚ್ ಜಾಸ್ತಿ ಆದರೆ ಇಂಜಿನ್‌ಗೆ ಭಾರ, ಆರ್‌ಪಿಎಂ ಇಳಿಯುತ್ತದೆ. ಬಲ ಇರುವ ಇಂಜಿನ್ ಆದರೆ ಮೇಲಿನ ವೇಗ ಸಿಗುತ್ತದೆ, ಇಲ್ಲದಿದ್ದರೆ ಗಾಡಿ ಏದುಸಿರು ಬಿಡುತ್ತದೆ. ಪಿಚ್ ಕಮ್ಮಿ ಆದರೆ ನಿಂತಲ್ಲಿಂದ ಚಿಮ್ಮುತ್ತದೆ, ಆದರೆ ಬೇಗ ಕೊನೆ ಮುಟ್ಟುತ್ತದೆ. ಜಿಗಿದು ಪಲ್ಟಿ ಹೊಡೆಯುವವರಿಗೆ ಕಮ್ಮಿ ಪಿಚ್, ನೇರ ಓಡಿಸುವವರಿಗೆ ಜಾಸ್ತಿ ಪಿಚ್.

ನಾನು ಮೊದಲು ದುರಾಸೆಯಿಂದ ಜಾಸ್ತಿ ಪಿಚ್‌ನದ್ದು ತಂದೆ. 86 ಕಿಲೋ ಆಳು ನೀರಿನಿಂದ ಎದ್ದು ನಿಲ್ಲೋಕೇ ಒದ್ದಾಡಿದೆ. ವಾಪಸ್ ಕೊಟ್ಟು ಒಂದು ಮೆಟ್ಟಿಲು ಕೆಳಗಿನದ್ದು ಹಾಕಿದೆ. ಈಗ 6,700 ಆರ್‌ಪಿಎಂ, ಗಂಟೆಗೆ 74 ಕಿಲೋಮೀಟರ್. ನನ್ನ ಪೈಪ್ ಚೆನ್ನಾಗಿ ಕೆಲಸ ಮಾಡುವುದೂ ಅಲ್ಲೇ. ಅಂದರೆ ಎರಡು ವರ್ಷದ ಹಿಂದೆ ಕೊಂಡ ಪೈಪ್‌ಗೆ ಈಗ ಮರ್ಯಾದೆ ಬಂತು. ಪೈಪ್ ಕೆಟ್ಟದಲ್ಲ, ಅದನ್ನು ಕರೆಯಬೇಕಾದ ಹೊತ್ತಿಗಿಂತ ಮುಂಚೆ ಕರೆದಿದ್ದೆ.

ಇಂಪೆಲ್ಲರ್ ಬಿಚ್ಚೋಕೆ ಅದರದ್ದೇ ಹಲ್ಲಿನ ಟೂಲ್ ಬೇಕು. ಪಂಪಿನ ಶಾಫ್ಟನ್ನು ವೈಸ್‌ನಲ್ಲಿ ಕಚ್ಚಿಸಿ ತಿರುಗಿಸಬೇಕು. ಟೂಲ್ ಇಲ್ಲದೆ ರೆಕ್ಕೆಗೆ ರಾಡ್ ಕೊಟ್ಟು ತಿರುಗಿಸಿದವರ ಇಂಪೆಲ್ಲರ್ ನೋಡಿದ್ದೇನೆ, ಬೇಡ.

ತಳದಲ್ಲಿ ಪಂಪಿಗೆ ನೀರು ಹೊಗುವ ಬಾಯಿಗಿರುವ ಇನ್‌ಟೇಕ್ ಜಾಲರಿ ಬಗ್ಗೆ ನನಗೆ ಎರಡು ಮನಸ್ಸು. ಕಂಪನಿ ಜಾಲರಿ ಬರೀ ಕಡ್ಡಿಗಳ ಸಾಲು. ನಾನು ಹಾಕಿದ್ದರಲ್ಲಿ ನೀರನ್ನು ಒಳಕ್ಕೆ ಬಾಚಿಕೊಳ್ಳುವ ಒಂದು ರೆಕ್ಕೆ ಇದೆ. ಸಣ್ಣ ಸಣ್ಣ ಅಲೆ ಇರುವಾಗ ಗಾಡಿ ಕುಪ್ಪಳಿಸಿದರೂ ಪಂಪ್ ನೀರು ಬಿಡುವುದಿಲ್ಲ. ಮುಂಚೆ ಪ್ರತಿ ಅಲೆಗೂ ಇಂಜಿನ್ ಕಿರುಚುತ್ತಿತ್ತು, ಈಗ ಒಂದೇ ದನಿ. ಆದರೆ ನೀರಿನಲ್ಲಿ ಕಳೆ, ಹುಲ್ಲು ಇದ್ದರೆ ಇದು ಅದನ್ನೂ ಪ್ರೀತಿಯಿಂದ ಬಾಚಿಕೊಳ್ಳುತ್ತದೆ. ಒಮ್ಮೆ ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಸಲ ಗಾಡಿ ಮಗುಚಿ ಹುಲ್ಲು ಕಿತ್ತಿದ್ದೇನೆ. ಕೈ ಹಾಕುವ ಮುಂಚೆ ಲ್ಯಾನ್ಯಾರ್ಡ್ (ಕಿತ್ತರೆ ಇಂಜಿನ್ ನಿಲ್ಲಿಸುವ ದಾರ) ಕಿತ್ತು ಇಂಜಿನ್ ಆಫ್ ಆಗಿರೋದನ್ನು ನೋಡಿಕೊಳ್ಳಿ. ಜಾಲರಿಯ ಬೋಲ್ಟುಗಳಿಗೆ ಥ್ರೆಡ್‌ಲಾಕ್ ಅಂಟು ಹಾಕದೆ ಬಿಡಬೇಡಿ. ಒಂದು ಬೋಲ್ಟ್ ಸಡಿಲವಾದರೆ ಅದು ಹೋಗುವ ಜಾಗ ನೇರ ಇಂಪೆಲ್ಲರ್.

ರೈಡ್ ಪ್ಲೇಟ್ ನನಗೆ ಒಗ್ಗಲಿಲ್ಲ. ಪಂಪಿನ ಕೆಳಗೆ ಕೂರುವ ತಟ್ಟೆ ಅದು. ಉದ್ದದ್ದು ಹಾಕಿದರೆ ಜೋರಾಗಿ ಹೋಗುವಾಗ ಮೂತಿ ಮೇಲೆ ಕೆಳಗೆ ಕುಣಿಯುವುದು ನಿಲ್ಲುತ್ತದೆ. ನಿಜವಾಗಿಯೂ ನಿಂತಿತು. ಆದರೆ ನನಗೆ ಇಷ್ಟವಾದ ಹಿಂಭಾಗ ಜಾರಿಸುವ ತಿರುವೂ ನಿಂತಿತು. ಗಾಡಿ ಹಳಿ ಮೇಲೆ ಹೋದಂತೆ ಹೋಗುತ್ತಿತ್ತು. ರೇಸ್ ಓಡುವವರಿಗೆ ಅದೇ ಬೇಕು. ನಾನು ಎರಡು ವಾರಕ್ಕೆ ಹಳೇದನ್ನೇ ಹಾಕಿದೆ. ಹೊಸದು ಶೆಡ್ಡಿನ ಗೋಡೆಗೆ ಒರಗಿದೆ, ಬೇಕಾದವರು ಕೇಳಬಹುದು.

ಹೆಡ್ ವಿಷಯ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಒತ್ತಡ, ಏರಿಸಿದರೆ ಕೆಳಗಿನಿಂದಲೇ ಎಳೆತ ಜಾಸ್ತಿ. ಪಿಸ್ಟನ್ ಮೇಲೆ ಕೂರುವ ಗುಮ್ಮಟದಂಥ ತುಣುಕನ್ನು (ಡೋಮ್) ಬೇರೆ ಬೇರೆ ಹಾಕುವಂಥ ಹೆಡ್ ಕೊಂಡರೆ ಒಳ್ಳೆಯದು, ಮುಂದೆ ಪೆಟ್ರೋಲ್ ಬದಲಾದರೆ ಡೋಮ್ ಮಾತ್ರ ಬದಲಾಯಿಸಬಹುದು. ಬಂಕಿನ ಮಾಮೂಲಿ ಪೆಟ್ರೋಲ್ ಹಾಕುವವರು 180 ಪಿಎಸ್‌ಐ (ಒತ್ತಡದ ಅಳತೆ) ಒಳಗೇ ಇರಿ. ನನ್ನದು 170ಕ್ಕೆ ನಿಂತಿದೆ, ಅಲ್ಲೇ ಇರಲಿ. ದುರಾಸೆಗೆ ಬಿದ್ದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಪಿಸ್ಟನ್ ತಲೆ ತಿನ್ನುತ್ತದೆ. ಅಳೆಯುವಾಗ ಎರಡೂ ಪ್ಲಗ್ ತೆಗೆದು, ಪ್ಲಗ್ ವೈರುಗಳನ್ನು ಅರ್ಥ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಹಿಡಿಯಬೇಕು. ಥ್ರಾಟಲ್ ಮುಚ್ಚಿ ಅಳೆದರೆ ಸಂಖ್ಯೆ ಕಮ್ಮಿ ಬರುತ್ತದೆ. ನಾನು ಹಾಗೇ ಅಳೆದು, ಇಂಜಿನ್ ಹೋಯಿತು ಅಂತ ಒಂದು ರಾತ್ರಿ ನಿದ್ದೆ ಬಿಟ್ಟಿದ್ದೇನೆ.

ವೇಗಕ್ಕೆ ಸಂಬಂಧವೇ ಇಲ್ಲದ ಮೂರು ಸಣ್ಣ ವಸ್ತುಗಳು ನನ್ನ ಸವಾರಿಯನ್ನು ಬಹಳ ಬದಲಿಸಿದವು. ಒಂದು, ಹ್ಯಾಂಡಲ್. ಹಳೇದು ಮಣಿಕಟ್ಟಿಗೆ ನೋವು ಕೊಡುತ್ತಿತ್ತು. ಹೆಚ್ಚು ನೆಟ್ಟಗಿರುವುದು ಹಾಕಿ ಎರಡೂ ಬದಿ ಒಂದಿಷ್ಟು ಕತ್ತರಿಸಿದೆ. ಜೊತೆಗೆ ಸ್ಟೀರಿಂಗ್ ಪ್ಲೇಟ್ ಬದಲಾಯಿಸಿದೆ. ಈಗ ಹ್ಯಾಂಡಲ್ ಸ್ವಲ್ಪ ತಿರುಗಿಸಿದರೆ ಸಾಕು, ಹಿಂದೆ ನೀರು ಚಿಮ್ಮುವ ನಾಜಲ್ ಪೂರ್ತಿ ತಿರುಗುತ್ತದೆ. ಎರಡು, ನಿಲ್ಲುವ ಜಾಗದ ಮ್ಯಾಟ್. ಹೈಡ್ರೋ-ಟರ್ಫ್ ಥರದ್ದು, ಹಿಂಗಾಲು ಒತ್ತಿ ನಿಲ್ಲೋಕೆ ಇಳಿಜಾರು ಇರುವಂಥದ್ದು. ಹಳೇ ಮ್ಯಾಟ್ ಕಿತ್ತು, ಗೋಂದು ಒರೆಸಿ ತೆಗೆಯೋಕೆ ಎರಡು ದಿನ ಬೇಕು, ಅದರ ಬಗ್ಗೆ ಯಾರೂ ಹೇಳೋದಿಲ್ಲ. ಅಲ್ಲಿ ಅವಸರ ಮಾಡಿದರೆ ಹೊಸ ಮ್ಯಾಟ್ ತಿಂಗಳಲ್ಲಿ ಎದ್ದು ಬರುತ್ತದೆ.

ಮೂರನೇದು ಎಲೆಕ್ಟ್ರಿಕ್ ಬಿಲ್ಜ್ ಪಂಪ್, ಗಾಡಿಯೊಳಗೆ ಸೇರಿದ ನೀರನ್ನು ಹೊರಹಾಕುವಂಥದ್ದು. ಗಂಟೆಗೆ 500 ಗ್ಯಾಲನ್ ನೀರು ಎತ್ತುವ ಚಿಕ್ಕದು. ಗಾಡಿಯಲ್ಲಿ ಮೊದಲಿನಿಂದ ಇರುವ ವ್ಯವಸ್ಥೆ ಗಾಡಿ ಓಡುತ್ತಿದ್ದರೆ ಮಾತ್ರ ಒಳಗಿನ ನೀರು ಹೀರುತ್ತದೆ. ಇಂಜಿನ್ ನಿಂತು, ಒಳಗೆ ನೀರು ತುಂಬುತ್ತಿರುವಾಗ ಅದರಿಂದ ಏನೂ ಪ್ರಯೋಜನವಿಲ್ಲ. ಆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡ ದಿನ ದಡ ದೂರ ಇತ್ತು. ಹುಡ್ ರಬ್ಬರಿನ ಸಂದಿಯಿಂದ ನೀರು ಇಳಿಯುತ್ತಲೇ ಇತ್ತು. ಗಾಡಿಯನ್ನು ತಳ್ಳಿಕೊಂಡು ಈಜುತ್ತಾ, ಅದು ನನಗಿಂತ ಮುಂಚೆ ಮುಳುಗುತ್ತಾ ಅಂತ ಲೆಕ್ಕ ಹಾಕುತ್ತಿದ್ದೆ. ಇಂಜಿನ್‌ಗೆ ಬಲ ತುಂಬುವ ಪಾರ್ಟ್ ಕೊಳ್ಳುವ ಮುಂಚೆ ಇದನ್ನು ಕೊಳ್ಳಿ. ಬಲ ಹೆಚ್ಚಿದಷ್ಟೂ ಇಂಜಿನ್ ಕೈಕೊಡುವ ದಿನ ಹತ್ತಿರ ಬರುತ್ತದೆ.

ಮನೆಯಲ್ಲಿ ನಲ್ಲಿಯ ಹೋಸ್ ಹಚ್ಚಿ ಇಂಜಿನ್‌ನ ತಂಪು ನೀರಿನ ದಾರಿ ತೊಳೆಯುವವರಿಗೆ ಒಂದು ಮಾತು. ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಇಂಜಿನ್. ಉಲ್ಟಾ ಮಾಡಿದರೆ ನೀರು ಎಕ್ಸಾಸ್ಟ್ ಮೂಲಕ ಸಿಲಿಂಡರ್‌ಗೇ ಇಳಿಯುತ್ತದೆ. ನೀರಿಲ್ಲದೆ ಇಂಜಿನ್ ಓಡಿಸುವುದು ಹತ್ತು ಹದಿನೈದು ಸೆಕೆಂಡ್ ಮೀರಬಾರದು.

ಇಂಜಿನ್ ಒಳಗೆ ಹೋದ ಪೆಟ್ರೋಲ್-ಗಾಳಿ ವಾಪಸ್ ಬಾರದಂತೆ ತಡೆಯುವ ರೀಡ್ ವಾಲ್ವ್ ಬದಲಾಯಿಸಿದೆ, ವ್ಯತ್ಯಾಸ ಗೊತ್ತಾಗಲಿಲ್ಲ. ಹಳೇ ರೀಡಿನ ಅಂಚು ಸೀಳಿತ್ತು, ಹೇಗೂ ಬದಲಾಯಿಸಲೇಬೇಕಿತ್ತು. ಕಾರ್ಬುರೇಟರ್ ಬಾಯಿಗೆ ಬೆಂಕಿ ಹೊರಬಾರದಂತೆ ತಡೆಯುವ ಹೊಸ ಫ್ಲೇಮ್ ಅರೆಸ್ಟರ್ ಹಾಕಿದ ಮೇಲೆ ಹುಡ್ ಕೆಳಗಿನ ಸದ್ದು ಚೆಂದವಾಗಿದೆ, ಅದಕ್ಕಿಂತ ಜಾಸ್ತಿ ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೂ ಜೆಟ್ ಮತ್ತೆ ನೋಡಬೇಕಾಯಿತು, ನೆನಪಿರಲಿ. ಪೋರ್ಟಿಂಗ್, ಅಂದರೆ ಸಿಲಿಂಡರಿನ ಕಿಂಡಿಗಳನ್ನು ಉಜ್ಜಿ ಬದಲಿಸೋದು, ಮಾಡಿಸಿಲ್ಲ, ಮಾಡಿಸುವ ಯೋಚನೆಯೂ ಇಲ್ಲ. ರೇಸ್ ಓಡುವವರು ಯಾವ ಪಾರ್ಟ್ ಕೊಳ್ಳುವ ಮುಂಚೆಯೂ ತಮ್ಮ ವಿಭಾಗದ ನಿಯಮ ಓದಿಕೊಳ್ಳಿ, ಸ್ಟಾಕ್ (ಹೆಚ್ಚು ಕಮ್ಮಿ ಕಂಪನಿ ಕೊಟ್ಟ ಹಾಗೇ ಓಡಿಸುವ) ವಿಭಾಗದಲ್ಲಿ ಬಹಳಷ್ಟಕ್ಕೆ ಅವಕಾಶ ಇರುವುದಿಲ್ಲ.

ಇನ್ನು ಒಂದೇ ಒಂದು ಪಾರ್ಟ್ ಹಾಕದೆ ಉಳಿದಿದೆ, ಇಗ್ನಿಷನ್ ಬಾಕ್ಸ್. ಪ್ಲಗ್ಗಿನ ಕಿಡಿ ಹಿಡಿತದಲ್ಲಿಟ್ಟು, ರೆವ್ ಲಿಮಿಟ್ (ಇಂಜಿನ್ ಏರಬಹುದಾದ ಅತಿ ಹೆಚ್ಚಿನ ಆರ್‌ಪಿಎಂ) ಮೇಲಕ್ಕೆ ತಳ್ಳುವಂಥದ್ದು. ಪೈಪ್ ಕೊಂಡ ಹುರುಪಿನಲ್ಲಿ ಅದೇ ವಾರ ಇದನ್ನೂ ತರಿಸಿದ್ದೆ. ಈಗ ನನ್ನ ಗಾಡಿ 6,700ರಲ್ಲಿ ಆರಾಮಾಗಿ ಓಡುತ್ತಿದೆ. ಲಿಮಿಟ್ ಮುಟ್ಟುವುದೇ ಇಲ್ಲ. ಹೋದ ವಾರ ನಮ್ಮಣ್ಣ ಶೆಡ್ಡಿಗೆ ಬಂದವನು ಆ ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿದ.

"ಇದನ್ನ ಯಾವಾಗ ಹಾಕ್ತೀಯೋ?"

"ಯಾಕಣ್ಣ?"

"ಏನಿಲ್ಲ. ಆವತ್ತು ಫೀಲರ್ ಗೇಜ್ ಕೊಟ್ಟಿದ್ದೆನಲ್ಲ, ಅದು ವಾಪಸ್ ಬೇಕಿತ್ತು. ಇನ್ನೂ ಕೆಲಸ ಇದ್ದರೆ ಇಟ್ಕೊ."

ಗೇಜ್ ವಾಪಸ್ ಕೊಟ್ಟೆ.